ಮನೆ ನೋಡಲು ಬಂದವರು ಮತ್ತೆ ಯಾಕೆ ಬರುವುದಿಲ್ಲ?

ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆ ‘ಮನೆ ಮಾರಾಟಕ್ಕಿದೆ’ ಎಂಬ ಬೋರ್ಡು ಎರಡು ಮಳೆಗಾಲ ಕಂಡರೂ ಗೇಟಿನಲ್ಲೇ ನೇತಾಡುವುದನ್ನು ನೀವೂ ನೋಡಿರಬಹುದು. ಗಿರಾಕಿ ಬರುವುದಿಲ್ಲ ಅಂತಲ್ಲ. ಬರ್ತಾರೆ, ಚಹಾ ಕುಡೀತಾರೆ, ಅಂಗಳದಲ್ಲಿ ನಿಂತು ‘ಮನೆಯವರ ಹತ್ತಿರ ಕೇಳಿ ಹೇಳ್ತೇವೆ’ ಅಂತಾರೆ. ಆಮೇಲೆ ಫೋನೇ ಎತ್ತುವುದಿಲ್ಲ. ಮಾರುವವರು ‘ಯಾರೋ ಕಣ್ಣು ಹಾಕಿದ್ದಾರೆ’ ಎಂದೋ, ‘ದಲ್ಲಾಳಿ ಕೈಕೊಟ್ಟ’ ಎಂದೋ ಸಮಾಧಾನ ಹೇಳಿಕೊಳ್ಳುತ್ತಾರೆ. ಹೆಚ್ಚಿನ ಸಲ ಕಾರಣ ಇರುವುದು ಗೋಡೆಯಲ್ಲಿ, ಬಾವಿಯಲ್ಲಿ, ಇಲ್ಲವೇ ಕಪಾಟಿನೊಳಗಿನ ಕಾಗದದಲ್ಲಿ.

ಘಟ್ಟ ಹತ್ತಿ ಬಂದು ಅಡಿಕೆ, ಮೀನು, ಮರದ ವ್ಯಾಪಾರ ಮಾಡಿ ಇಲ್ಲಿ ನೆಲೆ ನಿಂತ ನಮ್ಮ ಹಿರಿಯರು ಕಟ್ಟಿಸಿದ ಮನೆಗಳು ಈಗ ಒಂದೊಂದಾಗಿ ಮಾರಾಟಕ್ಕೆ ಬರುತ್ತಿವೆ. ಮಕ್ಕಳು ಗಲ್ಫಿನಲ್ಲಿ, ಮಂಗಳೂರಿನಲ್ಲಿ, ಬೆಂಗಳೂರಿನಲ್ಲಿ. ಉಮ್ಮ ಒಬ್ಬರೇ ಅಷ್ಟು ದೊಡ್ಡ ಮನೆಯಲ್ಲಿ. ಹಾಗಾಗಿ ಈ ವಿಷಯ ಮಾರುವವರಿಗೂ ಬೇಕು, ಕೊಳ್ಳುವವರಿಗೂ ಬೇಕು.

ಮೊದಲು ಮಳೆ. ಆಗುಂಬೆ ಇರುವುದು ತೀರ್ಥಹಳ್ಳಿ ತಾಲೂಕಿನಲ್ಲಿ, ಹುಲಿಕಲ್ ಹೊಸನಗರ ತಾಲೂಕಿನಲ್ಲಿ. ರಾಜ್ಯದಲ್ಲೇ ಅತಿ ಹೆಚ್ಚು ಮಳೆ ಸುರಿಯುವ ಜಾಗಗಳಲ್ಲಿ ಇವೆರಡೂ ಸೇರಿವೆ. ಆಗುಂಬೆಯ ವಾರ್ಷಿಕ ಸರಾಸರಿ 7,000 ಮಿಲಿಮೀಟರ್ ದಾಟುತ್ತದೆ. ಇಂತಹ ಊರಿನಲ್ಲಿ ಮನೆ ನೋಡಲು ಬರುವವನ ಕಣ್ಣು ಮೊದಲು ಹೋಗುವುದು ಗೋಡೆಯ ಬುಡಕ್ಕೆ. ಜಂಬಿಟ್ಟಿಗೆ ಕಲ್ಲು ನೀರು ಹೀರುವ ಕಲ್ಲು. ಪಂಚಾಂಗದ ಮೇಲೆ ಸಿಮೆಂಟಿನ ಬೆಲ್ಟ್ ಇಲ್ಲದೆ ಕಟ್ಟಿದ ಹಳೆ ಮನೆಯಲ್ಲಿ ನೆಲದ ತೇವ ಗೋಡೆಯೊಳಗೆ ಎರಡು ಮೂರು ಅಡಿ ಏರುತ್ತದೆ. ಸುಣ್ಣ ಉದುರುತ್ತದೆ, ಬಣ್ಣ ಹಪ್ಪಳದ ಹಾಗೆ ಏಳುತ್ತದೆ, ಕಪಾಟಿನೊಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಇದು ಎಲ್ಲರ ಮನೆಯಲ್ಲೂ ಇರುವುದೇ. ಅದನ್ನು ನೋಡಿ ಮಲೆನಾಡಿನವ ಓಡಿ ಹೋಗುವುದಿಲ್ಲ.

ಅವನು ಓಡಿ ಹೋಗುವುದು ಹೊಸ ಪೇಂಟ್ ನೋಡಿ. ಇಡೀ ಮನೆ ಹತ್ತು ವರ್ಷದ ಹಳೆ ಬಣ್ಣದಲ್ಲಿದ್ದು, ಒಂದೇ ಕೋಣೆಯ ಒಂದೇ ಗೋಡೆಗೆ ಮೊನ್ನೆ ಮೊನ್ನೆ ಪೇಂಟ್ ಹೊಡೆದಿದ್ದರೆ, ಅಥವಾ ಗೋಡೆಗೆ ಆನಿಸಿ ದೊಡ್ಡ ಕಪಾಟು ನಿಲ್ಲಿಸಿದ್ದರೆ, ಅಲ್ಲಿ ಏನೋ ಇದೆ ಅಂತ ಮಗುವಿಗೂ ಗೊತ್ತಾಗುತ್ತದೆ ಮಾರಾಯ್ರೆ. ಆಮೇಲೆ ಚೆನ್ನಾಗಿರುವ ಗೋಡೆಯ ಮೇಲೂ ಅವನಿಗೆ ಸಂಶಯ. ಮಳೆಗೆ ನೆನೆದ ಧಾನ್ಯವನ್ನು ರಾಶಿಯ ಅಡಿಗೆ ಹಾಕಿ ಒಣಗಿದ್ದನ್ನು ಮೇಲೆ ಹರಡಿದ್ದ ವ್ಯಾಪಾರಿಯ ಕತೆ ಮದ್ರಸದಲ್ಲಿ ಕಲಿತವರಿಗೆಲ್ಲ ನೆನಪಿರಬೇಕು. ಪ್ರವಾದಿಯವರು ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ತೇವ ತಗುಲಿತ್ತು. ನಮ್ಮ ಮಳೆನಾಡಿನ ಗೋಡೆಗೆ ಆ ಹದೀಸ್‌ನಷ್ಟು ಹೊಂದುವ ಮಾತು ಬೇರೆ ಇಲ್ಲ. ದೇಶದ ಕಾನೂನೂ ಅದನ್ನೇ ಕೇಳುತ್ತದೆ. ಸಾಮಾನ್ಯವಾಗಿ ನೋಡಿದರೆ ಗೊತ್ತಾಗದ, ಆದರೆ ಮಾರುವವನಿಗೆ ಗೊತ್ತಿರುವ ದೊಡ್ಡ ದೋಷವನ್ನು ಅವನು ಹೇಳಲೇಬೇಕು ಅಂತ 1882ರ ಆಸ್ತಿ ವರ್ಗಾವಣೆ ಕಾಯ್ದೆಯ 55ನೇ ಸೆಕ್ಷನ್‌ನಲ್ಲಿದೆ. ‘ಈ ಗೋಡೆಗೆ ಮಳೆಗಾಲದಲ್ಲಿ ಪಸೆ ಬರುತ್ತೆ, ಹೊರಗೆ ಚರಂಡಿ ತಗ್ಗಿಸಿದರೆ ಕಮ್ಮಿ ಆಗುತ್ತೆ’ ಅಂತ ನೀವೇ ಮೊದಲು ಹೇಳಿಬಿಟ್ಟರೆ ಅವನು ಅದಕ್ಕೆ ಸ್ವಲ್ಪ ದರ ಇಳಿಸಿ ಕೇಳಬಹುದು, ಅಷ್ಟೆ. ಮುಚ್ಚಿಟ್ಟು ಸಿಕ್ಕಿಬಿದ್ದರೆ ದರದ ಮಾತೇ ಬರುವುದಿಲ್ಲ.

ಇಲ್ಲಿ ಇನ್ನೊಂದು ಚಾಲಾಕಿತನ ಇದೆ. ಮಾರ್ಚ್, ಏಪ್ರಿಲ್‌ನಲ್ಲಿ ಮಾತ್ರ ಮನೆ ತೋರಿಸುವುದು. ಆಗ ಎಲ್ಲ ಒಣಗಿರುತ್ತದೆ. ಆದರೆ ಆಗ ಬಾವಿಯ ತಳ ಕಾಣುತ್ತದೆ! ಜುಲೈನಲ್ಲಿ ತೋರಿಸಿದರೆ ಬಾವಿ ತುಂಬಿರುತ್ತದೆ, ಆದರೆ ಅಟ್ಟದಲ್ಲಿ ಬಕೆಟ್ ಇಟ್ಟಿರುತ್ತದೆ. ಕೊಳ್ಳುವವರು ಎರಡು ಸಲ ನೋಡಬೇಕು, ಒಮ್ಮೆ ಬಿಸಿಲಿಗೆ, ಒಮ್ಮೆ ಮಳೆಗೆ. ಅಷ್ಟು ಕಾಯಲು ಆಗದಿದ್ದರೆ ನೆರೆಯವರ ಹತ್ತಿರ ಕೇಳಬೇಕು. ಬಾವಿ ನೀರಿನ ವಿಷಯದಲ್ಲಿ ನೆರೆಮನೆಯವರು ಸುಳ್ಳು ಹೇಳಿದ್ದು ನಾನಂತೂ ಕೇಳಿಲ್ಲ. ಬಾವಿಗೂ ಶೌಚಾಲಯದ ಗುಂಡಿಗೂ ಎಷ್ಟು ದೂರ ಎಂಬುದನ್ನು ಈಗಿನ ಗಿರಾಕಿ ಹೆಜ್ಜೆ ಹಾಕಿ ಅಳೆಯುತ್ತಾನೆ. ಗುಂಡಿ ಮೇಲಿನ ಇಳಿಜಾರಿನಲ್ಲಿದ್ದು ಬಾವಿ ಕೆಳಗಿದ್ದರೆ ಮಾತು ಅಲ್ಲಿಗೇ ಮುಗಿಯಿತು.

ಮಾಡಿನ ಬಗ್ಗೆ ಹೇಳುವುದಾದರೆ, ಮಂಗಳೂರು ಹೆಂಚಿನ ಮನೆ ಅಂದರೆ ಈಗಿನವರಿಗೆ ಹೆದರಿಕೆ. ಹೆಂಚು ಒಡೆದರೆ ಬದಲಿಸಬಹುದು. ಪಕಾಸು, ರೀಪಿಗೆ ಒರಲೆ ಹಿಡಿದಿದ್ದರೆ ಕಷ್ಟ. ಮನೆ ನೋಡುವವರು ಚೂರಿಯ ತುದಿಯಿಂದ ಒಮ್ಮೆ ಕುಟ್ಟಿ ನೋಡ್ತಾರೆ, ನೋಡಲಿ ಬಿಡಿ. ಮಂಗಗಳು ಹೆಂಚು ಸರಿಸುವ ಮನೆಯಾದರೆ ಅದನ್ನೂ ಹೇಳಿ. ತಾರಸಿ ಮನೆಯ ಮೇಲೆ ಶೀಟ್ ಹಾಕಿದ್ದರೆ ‘ಸೋರುತ್ತೆ ಅಂತ ಹಾಕಿದ್ದಾ?’ ಎಂದು ಬಯಲುಸೀಮೆಯವರು ಕೇಳುತ್ತಾರೆ, ಹಾಕದಿದ್ದರೆ ‘ಯಾಕೆ ಹಾಕಿಲ್ಲ?’ ಎಂದು ನಮ್ಮವರು ಕೇಳುತ್ತಾರೆ. ಮನೆಯ ಹಿಂದೆ ಧರೆ ಕಡಿದು ಜಾಗ ಮಾಡಿದ್ದರೆ ಅದಕ್ಕೆ ಕಲ್ಲಿನ ಪಾಗಾರ ಇದೆಯೇ ಎಂದು 2019ರ ಆಗಸ್ಟಿನ ಮಳೆ ನೋಡಿದವರು ಕೇಳದೆ ಬಿಡುವುದಿಲ್ಲ.

ಕತ್ತಲೆಗೆ ಮಾತ್ರ ಸುಲಭದ ಮದ್ದಿದೆ. ಹಳೆ ಮನೆಯ ನಡುಕೋಣೆಯಲ್ಲಿ ಹಗಲು ಹೊತ್ತೇ ದೀಪ ಹಾಕಬೇಕಾಗುತ್ತದೆ. ನಾಲ್ಕು ಗಾಜಿನ ಹೆಂಚು ಹಾಕಿಸಿ, ಕಿಟಕಿಯ ಮುಂದಿನ ಗಿಡ ಸವರಿ. ಮನೆ ನೋಡಲು ಬರುವ ದಿನ ಒಣಮೀನು ಹುರಿಯಬೇಡಿ ಎಂದರೆ ನಗ್ತೀರಿ, ಆದರೆ ಮೀನು ತಿನ್ನದವರೂ ಗಿರಾಕಿಗಳಾಗಿ ಬರುತ್ತಾರಲ್ಲ. ಅಂಥವರಲ್ಲಿ ಹೆಚ್ಚಿನವರು ವಾಸ್ತುವನ್ನೂ ಕೇಳುತ್ತಾರೆ. ಅದಕ್ಕೆ ಮುಖ ಗಂಟಿಕ್ಕಬೇಕಾಗಿಲ್ಲ, ಯಾವ ದಿಕ್ಕಿಗೆ ಏನಿದೆ ಎಂದು ಇದ್ದದ್ದು ಹೇಳಿದರಾಯಿತು. ನಮ್ಮವರೂ ದಿಕ್ಕು ನೋಡುವುದಿಲ್ಲವೇ? ಇಲ್ಲಿಂದ ಕಿಬ್ಲಾ ಪಶ್ಚಿಮಕ್ಕಿಂತ ಸ್ವಲ್ಪ ಉತ್ತರಕ್ಕೆ. ಕಮೋಡ್ ಅದಕ್ಕೆ ಮುಖವಾಗಿಯೋ ಬೆನ್ನಾಗಿಯೋ ಇದ್ದರೆ ಹಾಜಿಯವರು ಒಂದು ಮಾತನ್ನೂ ಆಡದೆ ಹೊರಗೆ ಬಂದುಬಿಡುತ್ತಾರೆ. ಬಾತ್‌ರೂಮ್ ಒಡೆಯುವ ಖರ್ಚನ್ನು ಅವರು ಮನಸ್ಸಲ್ಲೇ ಲೆಕ್ಕ ಹಾಕಿ ಆಗಿರುತ್ತದೆ. ಹೆಂಗಸರು ಅಡುಗೆಮನೆಯನ್ನೂ ಹಿಂಬಾಗಿಲನ್ನೂ ನೋಡುತ್ತಾರೆ. ಗಂಡಸರು ಮಸೀದಿಗೆ ಎಷ್ಟು ದೂರ ಎಂದರೆ, ಅವರು ಮದ್ರಸಕ್ಕೆ ಮಕ್ಕಳು ರಸ್ತೆ ದಾಟಬೇಕೇ ಎಂದು ಕೇಳುತ್ತಾರೆ. ನನಗೆ ಕೇಳಿದರೆ ಎರಡನೆಯದೇ ಸರಿಯಾದ ಪ್ರಶ್ನೆ.

ಇಷ್ಟೆಲ್ಲ ಸಹಿಸಿಕೊಂಡು ದರವೂ ಕುದುರಿದ ಮೇಲೆ ಮುರಿದು ಬೀಳುವ ವ್ಯಾಪಾರವೇ ಹೆಚ್ಚು. ಅದು ಮುರಿಯುವುದು ವಕೀಲರ ಮೇಜಿನ ಮೇಲೆ.

ಬಾಪ ತೀರಿಹೋಗಿ ಹನ್ನೆರಡು ವರ್ಷ ಆಗಿರುತ್ತದೆ, ಖಾತೆ ಇನ್ನೂ ಬಾಪನ ಹೆಸರಲ್ಲೇ ಇರುತ್ತದೆ. ಇಬ್ಬರು ಗಂಡುಮಕ್ಕಳು ಮನೆ ತೋರಿಸುತ್ತಾರೆ, ದರ ಮಾತಾಡುತ್ತಾರೆ. ಗಿರಾಕಿಯ ವಕೀಲ ವಂಶವೃಕ್ಷ ಕೇಳುತ್ತಾನೆ. ಅದರಲ್ಲಿ ಮೂರು ಹೆಣ್ಣುಮಕ್ಕಳ ಹೆಸರಿರುತ್ತದೆ. ‘ಇವರ ಸಹಿ?’ ಅಂದರೆ, ‘ಅವರಿಗೆ ಮದುವೆಯಲ್ಲೇ ಚಿನ್ನ ಕೊಟ್ಟಾಗಿದೆ, ಅವರದ್ದೇನೂ ಇಲ್ಲ’ ಎಂಬ ಉತ್ತರ. ಈ ಉತ್ತರ ಕೇಳಿದ ಬುದ್ಧಿವಂತ ಗಿರಾಕಿ ಎದ್ದು ಹೋಗುತ್ತಾನೆ, ಹೋಗಲೇಬೇಕು. ಮದುವೆಯ ಚಿನ್ನ ಬೇರೆ, ಪಾಲು ಬೇರೆ. ಇಸ್ಲಾಮಿನ ವಾರಸಾ ನಿಯಮದಲ್ಲಿ ತಂದೆ ಕಣ್ಣು ಮುಚ್ಚಿದ ಕ್ಷಣಕ್ಕೇ ಪ್ರತಿಯೊಬ್ಬ ವಾರಸುದಾರನ ಪಾಲು ನಿಂತುಬಿಡುತ್ತದೆ. ಅಣ್ಣ ಕೊಟ್ಟರೆ ಸಿಗುವ ದಾನ ಅದಲ್ಲ. ಅನ್ನಿಸಾ ಅಧ್ಯಾಯದ 11 ಮತ್ತು 12ನೇ ಸೂಕ್ತಗಳಲ್ಲಿ ಲೆಕ್ಕ ಸ್ಪಷ್ಟವಾಗಿದೆ.

ಒಂದು ಉದಾಹರಣೆ ಹಾಕಿ ನೋಡಿ. ಸಾಲ ಸೋಲ ತೀರಿಸಿ, ವಸಿಯ್ಯತ್ ಇದ್ದರೆ ಅದನ್ನೂ ಕಳೆದು ಮನೆಯ ಬಾಬ್ತು 40 ಲಕ್ಷ ಉಳಿಯಿತು ಅನ್ನಿ. ಉಮ್ಮ, ಇಬ್ಬರು ಗಂಡುಮಕ್ಕಳು, ಮೂವರು ಹೆಣ್ಣುಮಕ್ಕಳು ಇದ್ದಾರೆ. ತೀರಿಹೋದವರ ತಂದೆ ತಾಯಿ ಮೊದಲೇ ಇಲ್ಲ. ಮಕ್ಕಳಿರುವುದರಿಂದ ಉಮ್ಮನಿಗೆ ಎಂಟನೇ ಒಂದು ಪಾಲು, ಅಂದರೆ 5 ಲಕ್ಷ. ಉಳಿದ 35 ಲಕ್ಷದಲ್ಲಿ ಗಂಡಿಗೆ ಎರಡು, ಹೆಣ್ಣಿಗೆ ಒಂದರಂತೆ ಒಟ್ಟು ಏಳು ಭಾಗ. ಪ್ರತಿ ಗಂಡುಮಗನಿಗೆ 10 ಲಕ್ಷ, ಪ್ರತಿ ಹೆಣ್ಣುಮಗಳಿಗೆ 5 ಲಕ್ಷ. ಮೂವರು ಹೆಣ್ಣುಮಕ್ಕಳು ಮತ್ತು ಉಮ್ಮ ಸೇರಿದರೆ 20 ಲಕ್ಷ, ಅಂದರೆ ಸರಿಯಾಗಿ ಅರ್ಧ ಮನೆ! ಇಬ್ಬರು ಅಣ್ಣತಮ್ಮಂದಿರು ಸಹಿ ಮಾಡಿ ಮಾರಲು ಹೊರಟಾಗ ಅರ್ಧ ಮನೆ ಅವರದ್ದೇ ಅಲ್ಲ. ನಾಳೆ ತಂಗಿಯ ಮಕ್ಕಳು ಕೋರ್ಟಿಗೆ ಹೋದರೆ ದಾವೆ ಎದುರಿಸಬೇಕಾದವನು ಮನೆ ಕೊಂಡವನು. ತಂಗಿ ಮನಸಾರೆ ಪಾಲು ಬಿಟ್ಟುಕೊಡುವುದಾದರೆ ನೋಂದಾಯಿತ ಹಕ್ಕು ಬಿಡುಗಡೆ ಪತ್ರ ಆಗಬೇಕು. ಮನಸಾರೆ ಎಂಬ ಪದವನ್ನು ಒತ್ತಿ ಹೇಳುತ್ತಿದ್ದೇನೆ. ‘ಸಹಿ ಹಾಕದಿದ್ದರೆ ತವರಿಗೆ ಕಾಲಿಡಬೇಡ’ ಅಂತ ಹೇಳಿಸಿಕೊಂಡು ಬಂದ ಹೆಣ್ಣುಮಗಳ ಮುಖವನ್ನು ಸಬ್ ರಿಜಿಸ್ಟ್ರಾರ್ ಕಚೇರಿಯ ಬೆಂಚಿನಲ್ಲಿ ಯಾರೂ ಗುರುತಿಸಬಹುದು.

ಅಣ್ಣ ದುಬೈಯಲ್ಲೋ ಜಿದ್ದಾದಲ್ಲೋ ಇದ್ದರೆ ಅಧಿಕಾರ ಪತ್ರದ ಮೇಲೆ ವ್ಯವಹಾರ ನಡೆಯುತ್ತದೆ. ಬರೀ ಜಿಪಿಎ ಮಾಡಿಕೊಟ್ಟು ಹಣ ತೆಗೆದುಕೊಂಡರೆ ಮನೆ ಕೈ ಬದಲಾಗುವುದಿಲ್ಲ, 2011ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಖಡಾಖಂಡಿತವಾಗಿ ಹೇಳಿದೆ. ಜಿಪಿಎ ಹೊಂದಿದವರು ಮಾಲೀಕನ ಪರವಾಗಿ ಕ್ರಯಪತ್ರ ನೋಂದಣಿ ಮಾಡಿಸಬಹುದು. ಆ ಜಿಪಿಎ ಅಲ್ಲಿನ ಭಾರತೀಯ ರಾಯಭಾರ ಕಚೇರಿಯಲ್ಲೋ ಕಾನ್ಸುಲೇಟ್‌ನಲ್ಲೋ ದೃಢೀಕರಣವಾಗಿ, ಇಲ್ಲಿಗೆ ಬಂದ ಮೂರು ತಿಂಗಳೊಳಗೆ ಸ್ಟ್ಯಾಂಪ್ ಶುಲ್ಕ ಕಟ್ಟಿರಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಫೋಟೋ ತೋರಿಸಿ ಮುಂಗಡ ಕೇಳುವವರನ್ನು ನಂಬಬೇಡಿ.

ಜಾಗದ ಮೂಲವೂ ಈ ಮೂರು ತಾಲೂಕುಗಳಲ್ಲಿ ನಾಜೂಕಿನ ವಿಷಯ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಕಟ್ಟಿದಾಗ ಮುಳುಗಡೆಯಾದವರಿಗೆ ತೋರಿಸಿದ ಜಾಗಗಳಲ್ಲಿ ಎಷ್ಟೋ ಕಡೆ ದಾಖಲೆಯಲ್ಲಿ ಇನ್ನೂ ಅರಣ್ಯ ಎಂದೇ ಇದೆ. ಅಂತಹ ಜಾಗದ ಮನೆ ಎಷ್ಟು ಚಂದ ಇದ್ದರೂ ನೋಂದಣಿ ಆಗುವುದಿಲ್ಲ. 94ಸಿ, 94ಸಿಸಿಯಲ್ಲಿ ಸಕ್ರಮವಾದ ಮನೆಗಳ ಹಕ್ಕುಪತ್ರದಲ್ಲಿ ಪರಭಾರೆಯ ಷರತ್ತು ಏನಿದೆ ಎಂದು ಓದದೆ ಮುಂಗಡ ಕೊಡಬಾರದು. ತೋಟದ ನಡುವೆ ಭೂಪರಿವರ್ತನೆ ಇಲ್ಲದೆ ಕಟ್ಟಿದ ಮನೆಗೆ ಬ್ಯಾಂಕ್ ಸಾಲ ಸಿಗುವುದು ಕಷ್ಟ. ಪಟ್ಟಣದೊಳಗಾದರೆ ಇ-ಖಾತಾ, ಗ್ರಾಮ ಪಂಚಾಯಿತಿಯಾದರೆ ಇ-ಸ್ವತ್ತಿನ 9 ಮತ್ತು 11ರ ನಮೂನೆ, ಅದರ ಜೊತೆ ಇ.ಸಿ. ಇವು ಮನೆ ತೋರಿಸುವ ದಿನವೇ ಮೇಜಿನ ಮೇಲಿರಲಿ. ‘ಕಾಗದ ಎಲ್ಲ ಇದೆ, ಆಮೇಲೆ ನೋಡುವ’ ಎಂಬ ಮಾತಿಗೆ ಈಗ ಯಾರೂ ನಿಲ್ಲುವುದಿಲ್ಲ.

ಕೆಲವು ಕಾರಣ ಮಾರುವವನ ಕೈಯಲ್ಲಿ ಇರುವುದಿಲ್ಲ. ಕಾಡಂಚಿನ ಮನೆ ಅಂದರೆ ಮಂಗನ ಕಾಯಿಲೆಯ ನೆನಪಾಗುತ್ತದೆ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಮೊದಲು ಕಾಣಿಸಿದ ಆ ರೋಗ 2019ರಲ್ಲಿ ಸಾಗರ ತಾಲೂಕಿನ ಅರಳಗೋಡು ಸುತ್ತ ಜೀವಗಳನ್ನು ತೆಗೆದುಕೊಂಡಿತು. ಹಾಗೆಯೇ ಶರಾವತಿ ಹಿನ್ನೀರಿನ ಆಚೆಯ ತುಮರಿ ಕಡೆ ಮನೆ ನೋಡಲು ಹೋದವರು ಕೇಳುತ್ತಿದ್ದ ಮೊದಲ ಪ್ರಶ್ನೆ ‘ರಾತ್ರಿ ಹೆರಿಗೆ ನೋವು ಬಂದರೆ?’ ಸಂಜೆ ಲಾಂಚ್ ನಿಂತ ಮೇಲೆ ಉತ್ತರ ಇರುತ್ತಿರಲಿಲ್ಲ. 2025ರ ಜುಲೈ 14ರಂದು ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ಉದ್ಘಾಟನೆಯಾಯಿತು. ಆ ಪ್ರಶ್ನೆ ಹೋಯಿತು, ಅದರ ಬದಲು ದರ ಏರಿದೆಯೇ ಎಂಬ ಪ್ರಶ್ನೆ ಬಂತು.

ದರದ ಬಗ್ಗೆ ಒಂದೆರಡು ಮಾತು. ಮಂಗಳೂರಿನ ಭಾವನ ಫ್ಲ್ಯಾಟ್ ಎಷ್ಟಕ್ಕೆ ಹೋಯಿತು ಎಂಬುದು ರಿಪ್ಪನ್‌ಪೇಟೆಯ ಮನೆಗೆ ಅಳತೆ ಅಲ್ಲ. ಕೊಳ್ಳುವವನಿಗೆ ಮನೆಯ ದರದ ಮೇಲೆ ಸ್ಟ್ಯಾಂಪ್ ಶುಲ್ಕ ಇದೆ. 2025ರ ಆಗಸ್ಟ್ 31ರಿಂದ ನೋಂದಣಿ ಶುಲ್ಕವೂ ಶೇ 1ರಿಂದ ಶೇ 2ಕ್ಕೆ ಏರಿದೆ. ‘ಅರ್ಧ ಬ್ಲ್ಯಾಕ್, ಅರ್ಧ ವೈಟ್’ ಎಂದು ಕೇಳುವ ಮಾಲೀಕರಿಂದಲೂ ಜನ ದೂರ ಹೋಗುತ್ತಾರೆ. ಸ್ಥಿರಾಸ್ತಿ ವ್ಯವಹಾರದಲ್ಲಿ 20,000 ರೂಪಾಯಿ ಅಥವಾ ಹೆಚ್ಚಿನ ಮುಂಗಡವನ್ನು ನಗದಾಗಿ ಪಡೆದರೆ ಅಷ್ಟೇ ಮೊತ್ತದ ದಂಡ ಬೀಳಬಹುದು, ಅದೂ ಪಡೆದವನಿಗೆ. ಬಡ್ಡಿ ಸಾಲ ಬೇಡ ಎಂದು ವರ್ಷಗಟ್ಟಲೆ ಗಲ್ಫಿನಲ್ಲಿ ದುಡಿದು ಕೂಡಿಟ್ಟವರ ಹಣ ಬ್ಯಾಂಕ್ ಖಾತೆಯಲ್ಲೇ ಇರುತ್ತದೆ. ಅವರಿಗೆ ಅದನ್ನು ನೋಟು ಮಾಡಿ ಚೀಲದಲ್ಲಿ ತರುವ ಉಸಾಬರಿ ಬೇಡ.

ಕೊನೆಗೆ, ಗಿರಾಕಿ ಬಂದಾಗ ಬೀಗದ ಕೈ ಕೊಟ್ಟು ಸ್ವಲ್ಪ ದೂರ ನಿಲ್ಲಿ. ಕೋಣೆಕೋಣೆಗೂ ಹಿಂದೆಯೇ ಬಂದು ‘ಈ ಬಾಗಿಲು ಬೀಟೆ ಮರದ್ದು, ಈಗ ಎಲ್ಲಿ ಸಿಗ್ತದೆ?’ ಎಂದು ಹೇಳುತ್ತಲೇ ಇದ್ದರೆ ಗಂಡ ಹೆಂಡತಿಗೆ ತಮ್ಮತಮ್ಮಲ್ಲಿ ಮಾತಾಡಲೂ ಆಗುವುದಿಲ್ಲ. ಅವರು ಗೇಟಿನಿಂದ ಹೊರಗೆ ಹೋಗಿ ಮಾತಾಡುತ್ತಾರೆ, ಹಾಗೆಯೇ ಮುಂದಿನ ಬೀದಿಯ ಇನ್ನೊಂದು ಮನೆ ನೋಡಿ ಹೋಗುತ್ತಾರೆ.