ಕಾಫಿ ಬೆರೆಸುವುದೂ ಚಿಕಿತ್ಸೆಯೇ

ಲಕ್ವ ಹೊಡೆದವರು ಆಸ್ಪತ್ರೆಯಿಂದ ಮನೆಗೆ ಬಂದಾಗ ನೋಡಲು ಬಂದವರ ಕಣ್ಣೆಲ್ಲ ಕೈಕಾಲಿನ ಮೇಲೆ. ಕೈ ಎತ್ತುತ್ತಾರೆ, ನಾಲ್ಕು ಹೆಜ್ಜೆ ನಡೆಯುತ್ತಾರೆ, ಮಾತೂ ಸ್ಪಷ್ಟ. ಸದ್ಯ ಪಾರಾದರಲ್ಲ ಎಂದು ಎಲ್ಲರಿಗೂ ಸಮಾಧಾನ. ಜೊತೆಗಿರುವವರಿಗೆ ಮಾತ್ರ ಬೇರೆಯದೇ ಕಾಣತೊಡಗುತ್ತದೆ. ಎಲೆಯ ಬಲಗಡೆ ಬಡಿಸಿದ್ದೆಲ್ಲ ಖಾಲಿಯಾಗಿರುತ್ತದೆ. ಎಡತುದಿಯ ಉಪ್ಪು, ಉಪ್ಪಿನಕಾಯಿ ಹಾಗೇ ಉಳಿದು, ಬಡಿಸಲೇ ಇಲ್ಲವೆಂದು ಬೇಸರ ಬೇರೆ. ಅಂಗಿಯ ತೋಳಿನೊಳಗೆ ತಲೆ ತೂರಿಸುತ್ತಾರೆ. ಬ್ರಶ್ಶಿಗೆ ಪೇಸ್ಟ್ ಹಚ್ಚಿಕೊಂಡು ಮುಂದೇನೆಂದು ತೋಚದೆ ನಿಂತುಬಿಡುತ್ತಾರೆ. ಮನೆಯವರು ಇದನ್ನು ಹಟವೆಂದೋ ಸೋಮಾರಿತನವೆಂದೋ ತಿಳಿದು ಗದರುವುದೂ ಉಂಟು.

ಇದರಲ್ಲಿ ಹಟದ ಮಾತೇ ಇಲ್ಲ. ಮಿದುಳಿನ ಬಲಭಾಗಕ್ಕೆ ಪೆಟ್ಟಾದರೆ ಕಣ್ಣು ಸರಿಯಿದ್ದರೂ ಎಡಮಗ್ಗುಲಿನ ಲೋಕ ಗಮನಕ್ಕೇ ಬಾರದೆ ಹೋಗಬಹುದು. ಎಡಭಾಗಕ್ಕೆ ಆದರೆ, ಬಲವಿರುವ ಕೈಗೂ ಬಳಸಿ ಬಳಸಿ ರೂಢಿಯಾದ ಕೆಲಸದ ಕ್ರಮ ತಪ್ಪಬಹುದು. ನೆನಪು, ಏಕಾಗ್ರತೆ, ಮುಂದಾಲೋಚನೆ ಕುಂದುವುದೂ ಸಾಮಾನ್ಯ.

ದಿನನಿತ್ಯದ ಕೆಲಸಗಳನ್ನೇ ಮಾಡಿಸಿ ಮತ್ತೆ ಕಲಿಸುವ ಆಕ್ಯುಪೇಷನಲ್ ಥೆರಪಿ ಕೈ ಹಾಕುವುದು ಇಲ್ಲಿ. ನಮ್ಮ ದೇಶದಲ್ಲಿ ಇದರ ಮೊದಲ ಶಾಲೆಯನ್ನು 1950ರಲ್ಲಿ ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ತೆರೆದವರು ಕಮಲಾ ನಿಂಬ್ಕರ್. ಅಮೆರಿಕದಲ್ಲಿ ಹುಟ್ಟಿ ಭಾರತದ ಸೊಸೆಯಾಗಿ ಬಂದವರು. ಕರ್ನಾಟಕದಲ್ಲಿ ಮಣಿಪಾಲದಲ್ಲಿ ಇದರ ಪದವಿ ಶಿಕ್ಷಣವಿದೆ. ಆದರೂ ಫಿಸಿಯೋಥೆರಪಿಯಷ್ಟು ಇದು ಜನರ ಬಾಯಲ್ಲಿಲ್ಲ. ದೊಡ್ಡ ಊರುಗಳಿಂದಾಚೆ ಈ ತಜ್ಞರು ಸಿಗುವುದೂ ಕಷ್ಟ.

ಇವರ ಪರೀಕ್ಷೆಗಳಲ್ಲಿ ನನಗೆ ಬಹಳ ಹಿಡಿಸಿದ್ದು ಇಸ್ರೇಲಿನ ತಜ್ಞರು ರೂಪಿಸಿದ ಕೆಟಲ್ ಟೆಸ್ಟ್. ರೋಗಿ ಎರಡು ಲೋಟ ಬಿಸಿ ಪಾನೀಯ ಮಾಡಬೇಕು: ಒಂದು ತನಗೆ, ಇನ್ನೊಂದು ಎದುರಿಗಿರುವ ಥೆರಪಿಸ್ಟ್ ಕೇಳಿದ ಹಾಗೆ. ಕೆಟಲನ್ನು ಮೊದಲೇ ಬಿಚ್ಚಿಟ್ಟು ಖಾಲಿ ಮಾಡಿರುತ್ತಾರೆ. ಬೇಕಾದ ಸಾಮಾನಿನ ನಡುವೆ ಬೇಡದ್ದನ್ನೂ ಇಟ್ಟಿರುತ್ತಾರೆ. ಕೆಲಸವನ್ನು 13 ಹಂತಗಳಾಗಿ ನೋಡಿ, ಎಲ್ಲಿ ತಡವರಿಸಿದರು, ಎಷ್ಟು ಸುಳಿವು ಬೇಕಾಯಿತು ಎಂದು ಅಂಕ ಕೊಡುತ್ತಾರೆ. ಕುರ್ಚಿಯಲ್ಲಿ ಕೂರಿಸಿ ತಾರೀಕು ಕೇಳಿದಾಗ ಥಟ್ಟನೆ ಉತ್ತರ ಕೊಟ್ಟವರು ಇಲ್ಲಿ ಸಿಕ್ಕಿಹಾಕಿಕೊಳ್ಳಬಹುದು. ನಮ್ಮ ಫಿಲ್ಟರ್ ಕಾಫಿಯೂ ಇಂಥ ಪರೀಕ್ಷೆಗೆ ಹೇಳಿಮಾಡಿಸಿದಂತಿದೆ: ಪುಡಿ ಹಾಕಿ ಒತ್ತಬೇಕು, ಡಿಕಾಕ್ಷನ್ ಇಳಿಯುವವರೆಗೆ ತಾಳಬೇಕು, ಅಷ್ಟರಲ್ಲಿ ಹಾಲಿನ ಮೇಲೂ ಕಣ್ಣಿಡಬೇಕು, ಕೊನೆಗೆ ಗ್ಯಾಸ್ ಆರಿಸಬೇಕು.

ತೊಡಕು ಯಾವ ಹಂತದಲ್ಲೆಂದು ಗೊತ್ತಾದ ಮೇಲೆ ಚಿಕಿತ್ಸೆ ಆ ಕೆಲಸದೊಳಗೇ ನಡೆಯುತ್ತದೆ. ಎಡಗಡೆ ನೋಡುವುದನ್ನು ಮರೆಯುವವರಿಗೆ ತಟ್ಟೆಯ ಎಡ ಅಂಚಿಗೆ ಕೆಂಪು ಪಟ್ಟಿ ಅಂಟಿಸಿ, ಅದು ಕಾಣುವ ತನಕ ತಲೆ ತಿರುಗಿಸಲು ಕಲಿಸುತ್ತಾರೆ. ಉಡುಪು ತೊಡುವುದು ಗೊಂದಲವಾದರೆ ಥೆರಪಿಸ್ಟ್ ಅಂಗಿ ತೊಡಿಸಿ ಕೊನೆಯ ಗುಂಡಿಯನ್ನಷ್ಟೇ ಬಿಡುತ್ತಾರೆ. ಅದು ಬಂದ ಮೇಲೆ ಕೊನೆಯ ಎರಡು, ಆಮೇಲೆ ಒಂದು ತೋಳು. ಮಾತ್ರೆಗೆ ವಾರದ ಡಬ್ಬಿ, ನೆನಪಿಗೆ ಫೋನಿನ ಅಲಾರಂ, ಡಬ್ಬಗಳ ಮೇಲೆ ದಪ್ಪ ಅಕ್ಷರದ ಚೀಟಿ. ಬೇಗ ದಣಿಯುವುದರಿಂದ ಅಭ್ಯಾಸ ಸ್ವಲ್ಪ ಸ್ವಲ್ಪವೇ.

ಫಲವೆಷ್ಟು? ಈ ಕುರಿತ 24 ಪ್ರಯೋಗಗಳನ್ನು ಒಟ್ಟುಗೂಡಿಸಿ ನೋಡಿದ, ಕಾಕ್ರೇನ್ ಎಂಬ ಸಂಶೋಧನಾ ಸಂಸ್ಥೆಯ ಪರಿಶೀಲನೆ 2022ರಲ್ಲಿ ಪ್ರಕಟವಾಯಿತು. ಸ್ನಾನ, ಊಟದಂಥ ಕೆಲಸಗಳಲ್ಲಿ ಅದಕ್ಕೆ ಕಂಡ ವ್ಯತ್ಯಾಸ ತೀರಾ ಕಡಿಮೆ. ಒಟ್ಟಾರೆ ಗ್ರಹಣಶಕ್ತಿ ತುಸು ಸುಧಾರಿಸಬಹುದು. ಪುರಾವೆ ಇನ್ನೂ ಗಟ್ಟಿಯಾಗಿಲ್ಲ. ಪವಾಡದ ಭರವಸೆ ಕೊಡುವವರನ್ನು ನಂಬಬೇಡಿ. ಹಾಗಿದ್ದೂ ನಾನು ಇದರ ಪರ. ಮಿದುಳು ಎಷ್ಟೇ ಚೇತರಿಸಿಕೊಳ್ಳಲಿ, ಆ ವ್ಯಕ್ತಿ ನಾಳೆ ಬೆಳಿಗ್ಗೆ ಎದ್ದು ಅದೇ ಬಚ್ಚಲಿಗೆ, ಅದೇ ಅಡುಗೆಮನೆಗೆ ಹೋಗಲೇಬೇಕು. ಆ ಜಾಗವನ್ನೂ ಕೆಲಸದ ಕ್ರಮವನ್ನೂ ಅವರಿಗೆ ಒಗ್ಗುವಂತೆ ಹೊಂದಿಸುವ ವಿದ್ಯೆ ತಿಳಿದವರು ಈ ಥೆರಪಿಸ್ಟರು.

ನಮ್ಮ ಮನೆಗಳಲ್ಲಿ ಅಡ್ಡಬರುವುದು ಪ್ರೀತಿಯೇ. ಸೊಸೆ ತಲೆ ಬಾಚುತ್ತಾಳೆ, ಮಗ ತುತ್ತಿಡುತ್ತಾನೆ. ಅಪ್ಪನಿಗೆ ಗುಂಡಿ ಹಾಕಿಕೊಳ್ಳುವ ಸಂದರ್ಭವೇ ಬರುವುದಿಲ್ಲ. ಡಿಸ್ಚಾರ್ಜ್ ಆಗುವ ಮುನ್ನ ವೈದ್ಯರನ್ನು ಎರಡು ವಿಷಯ ಕೇಳಿ: ಆಕ್ಯುಪೇಷನಲ್ ಥೆರಪಿಸ್ಟ್ ಒಮ್ಮೆ ನೋಡಬಹುದೇ? ಯಾವ ಕೆಲಸವನ್ನು ಅವರಿಗೇ ಬಿಡಬೇಕು, ಯಾವುದಕ್ಕೆ ನಾವು ಪಕ್ಕದಲ್ಲಿ ನಿಲ್ಲಬೇಕು? ಒಲೆ, ಬಿಸಿನೀರು, ರಸ್ತೆ ದಾಟುವುದು, ಗಾಡಿ ಓಡಿಸುವುದು ಇವುಗಳ ಬಗ್ಗೆ ಬಿಡಿಸಿ ಕೇಳಿ, ಬರೆದುಕೊಂಡು ಬನ್ನಿ.