ಮೊದಲು ಔಷಧ, ನಂತರ ಆಪರೇಷನ್: ಗಾಬರಿ ಬೇಡ

ಎದೆಯಲ್ಲೊಂದು ಗಂಟು ಕೈಗೆ ತಾಗಿದರೆ ನಮ್ಮ ಮನೆಗಳಲ್ಲಿ ಏನಾಗುತ್ತದೆ? ಮೊದಲು ಮುಚ್ಚಿಡುತ್ತೇವೆ. ನೋವಿಲ್ಲವಲ್ಲ, ಮಗಳ ನಿಕಾಹ್ ಮುಗಿಯಲಿ, ರಮಝಾನ್ ಕಳೆಯಲಿ ಎಂದು ದಿನ ದೂಡುತ್ತೇವೆ. ಕೊನೆಗೆ ವಿಷಯ ತಿಳಿದಾಗ ಮನೆಯವರು ಗಾಬರಿಯಾಗಿ, 'ಇವತ್ತೇ ಕೊಯ್ದು ತೆಗೆಸಿಬಿಡಿ' ಎನ್ನುತ್ತಾರೆ. ವೈದ್ಯರು 'ಮೊದಲು ಕೆಲವು ತಿಂಗಳು ಇಂಜೆಕ್ಷನ್, ಆಮೇಲೆ ಆಪರೇಷನ್' ಎಂದರೆ, 'ಡಾಕ್ಟರ್ ಕೈಬಿಟ್ಟರು' ಎಂದು ಅಳು ಶುರುವಾಗುತ್ತದೆ.

ಇದು ಕೈಬಿಡುವುದಲ್ಲ. ಇದೂ ಒಂದು ಚಿಕಿತ್ಸೆ.

ಸ್ತನ ಕ್ಯಾನ್ಸರ್ ಎಲ್ಲರಲ್ಲೂ ಒಂದೇ ಬಗೆಯದಲ್ಲ. 100 ರೋಗಿಗಳಲ್ಲಿ ಸುಮಾರು 15ರಿಂದ 20 ಮಂದಿಯ ಗಂಟಿನ ಜೀವಕೋಶಗಳ ಮೇಲೆ 'ಹರ್-2' ಎಂಬ ಪ್ರೋಟೀನು ವಿಪರೀತವಾಗಿರುತ್ತದೆ. 'ಬೆಳೆ, ಬೆಳೆ' ಎಂದು ಅದು ಕೋಶಕ್ಕೆ ಸೂಚನೆ ಕೊಡುತ್ತಲೇ ಇರುತ್ತದೆ. ಟ್ರಾಸ್ಟುಜುಮಾಬ್ ಎಂಬ ಔಷಧ ನೇರವಾಗಿ ಆ ಪ್ರೋಟೀನಿಗೇ ಅಂಟಿಕೊಂಡು ಸೂಚನೆಯನ್ನು ತಡೆಯುತ್ತದೆ. ಅಮೆರಿಕದಲ್ಲಿ 1998ರಲ್ಲಿ ಇದಕ್ಕೆ ಅನುಮತಿ ಸಿಕ್ಕಿತು. ಸಾಮಾನ್ಯವಾಗಿ ಇದನ್ನು ಕೀಮೋಥೆರಪಿಯ ಜೊತೆಗೇ ಕೊಡುತ್ತಾರೆ.

ಆಪರೇಷನ್‌ಗೆ ಮೊದಲೇ ಏಕೆ? ಗಂಟು 2 ಸೆಂಟಿಮೀಟರಿಗಿಂತ ದೊಡ್ಡದಿದ್ದರೆ ಅಥವಾ ಕಂಕುಳಿನ ಗ್ರಂಥಿಗೆ ತಲುಪಿದ್ದರೆ ವೈದ್ಯರು ಹೆಚ್ಚಾಗಿ ಈ ದಾರಿ ಹಿಡಿಯುತ್ತಾರೆ. ಗಂಟು ಕುಗ್ಗಿದರೆ ಇಡೀ ಸ್ತನ ತೆಗೆಯುವ ಬದಲು ಗಂಟನ್ನಷ್ಟೇ ತೆಗೆದರೆ ಸಾಕಾಗಬಹುದು. ಇನ್ನೊಂದು ಲಾಭ, ಔಷಧ ಎಷ್ಟು ಕೆಲಸ ಮಾಡಿತೆಂದು ಕಣ್ಣಿಗೆ ಕಾಣುತ್ತದೆ. 2012ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಕೀಮೋ ಜೊತೆಗೆ ಟ್ರಾಸ್ಟುಜುಮಾಬ್ ಮತ್ತು ಪರ್ಟುಜುಮಾಬ್ ಎರಡನ್ನೂ ಪಡೆದ 107 ಮಹಿಳೆಯರಲ್ಲಿ 49 ಮಂದಿಯ ಸ್ತನದಲ್ಲಿ, ಆಪರೇಷನ್ ವೇಳೆಗೆ ಹರಡುವ ಕ್ಯಾನ್ಸರ್ ಉಳಿದಿರಲಿಲ್ಲ. ಉಳಿದಿದ್ದರೂ ನಿರಾಶೆ ಬೇಡ, ನಂತರದ ಔಷಧವನ್ನು ಬದಲಿಸುವ ಅವಕಾಶವಿದೆ. ಆದರೆ ಗಂಟು ಮಾಯವಾಯಿತೆಂದು ಆಪರೇಷನ್ ಬಿಡಬಾರದು. ಟ್ರಾಸ್ಟುಜುಮಾಬ್ ಸಾಮಾನ್ಯವಾಗಿ ಒಟ್ಟು ಒಂದು ವರ್ಷ ನಡೆಯುತ್ತದೆ.

ಖರ್ಚು? ನಮ್ಮ ಬೆಂಗಳೂರಿನ ಬಯೋಕಾನ್ ಕಂಪನಿ 2014ರಲ್ಲಿ ಮೂಲ ಔಷಧಕ್ಕೆ ಸಮಾನವಾದ ಟ್ರಾಸ್ಟುಜುಮಾಬ್ ಅನ್ನು ಕಡಿಮೆ ಬೆಲೆಗೆ ಮಾರುಕಟ್ಟೆಗೆ ತಂದಿತು. 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಔಷಧವನ್ನು ಅತ್ಯಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಆದರೂ ಕೂಲಿ ಮಾಡಿ ತಿನ್ನುವ ಮನೆಗೆ ಇದು ಸಣ್ಣ ಹೊರೆಯಲ್ಲ. ಆದ್ದರಿಂದ ಮೊದಲ ಇಂಜೆಕ್ಷನ್‌ಗೂ ಮುಂಚೆಯೇ ರೇಷನ್ ಕಾರ್ಡ್ ಹಿಡಿದು ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನೇನು ಸಿಗುತ್ತದೆಂದು ವಿಚಾರಿಸಿ. ಅರ್ಧಕ್ಕೆ ನಿಲ್ಲಿಸುವಂತಾಗಬಾರದು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಿನ ಸಹೋದರಿಯರಿಗೆ ಕಲಬುರಗಿಗೆ ಹೋಗಲು ರೈಲಿದೆ. ಚಿಂಚೋಳಿಯವರಿಗೆ ಬಸ್ಸೇ ಗತಿ. ಬೆಂಗಳೂರಿನ ಕಿದ್ವಾಯಿ ಸಂಸ್ಥೆಯ ಕೇಂದ್ರವೊಂದು ಕಲಬುರಗಿಯಲ್ಲಿದೆ. ರಫಿ ಅಹ್ಮದ್ ಕಿದ್ವಾಯಿಯವರ ನೆನಪಿನ ಆ ಸಂಸ್ಥೆ 1973ರಲ್ಲಿ ಆರಂಭವಾದದ್ದು. ಸಂಕೋಚವಿದ್ದರೆ ಮಹಿಳಾ ವೈದ್ಯರನ್ನು ಕೇಳಿ, ಜೊತೆಗೆ ಅಕ್ಕನನ್ನೋ ತಾಯಿಯನ್ನೋ ಕರೆದುಕೊಂಡು ಹೋಗಿ. ಹಯಾ ನಮ್ಮ ಒಡವೆ, ನಿಜ. ಆದರೆ ರೋಗವನ್ನು ಬಚ್ಚಿಡುವುದು ಹಯಾ ಅಲ್ಲ.

ಅಲ್ಲಿ ಈ ಮಾತುಗಳನ್ನು ತಪ್ಪದೆ ಕೇಳಿ: ಗಂಟು ತೆಗೆಯುವ ಮೊದಲು ಸೂಜಿ ಬಯಾಪ್ಸಿ ಆಗಿದೆಯೇ? ಹರ್-2 ಪರೀಕ್ಷೆಯ ವರದಿ ಬಂದಿದೆಯೇ? ಗಂಟು ಕರಗಿದರೂ ಜಾಗ ಗೊತ್ತಾಗುವಂತೆ ಗುರುತು ಇಡುತ್ತೀರಾ? ಈ ಔಷಧ ಕೆಲವರ ಹೃದಯವನ್ನು ದುರ್ಬಲಗೊಳಿಸಬಲ್ಲದು. ಆದ್ದರಿಂದ ಆರಂಭದಲ್ಲೂ, ನಂತರ ಸುಮಾರು 3 ತಿಂಗಳಿಗೊಮ್ಮೆಯೂ ಎಕೋ ಪರೀಕ್ಷೆ ಆಗಬೇಕು. ಗರ್ಭಿಣಿಯರಿಗೆ ಇದನ್ನು ಕೊಡುವುದಿಲ್ಲ. ಮುಟ್ಟು ತಪ್ಪಿದ್ದರೆ ಮೊದಲೇ ಹೇಳಿಬಿಡಿ.

ಈ ಪುಟವನ್ನು ಓದಿ ಮಡಚಿಡಬೇಡಿ. ಮನೆಯ ಗಂಡಸರಿಗೂ ಅತ್ತೆಯವರಿಗೂ ಓದಿ ಹೇಳಿ. ನಾಳೆ ನಮ್ಮ ಮನೆಯಲ್ಲೇ ಯಾರಿಗಾದರೂ 'ಮೊದಲು ಔಷಧ' ಎಂದು ವೈದ್ಯರು ಹೇಳಿದರೆ ಅಳುವ ಬದಲು, 'ವರದಿ ತೋರಿಸಿ, ಯಾವಾಗ ಶುರು ಮಾಡೋಣ?' ಎಂದು ಕೇಳುವಂತಾಗಲಿ.