ಗೇಮ್ ಕನ್ಸೋಲ್‌ನ ಸರೌಂಡ್ ಸದ್ದನ್ನು ಕಂಪ್ಯೂಟರಿನಲ್ಲಿ ಹಿಡಿಯುವುದು ಹೇಗೆ?

ಎರಡು ವರ್ಷಕ್ಕೊಮ್ಮೆ ಯಲಹಂಕ ವಾಯುನೆಲೆಯಲ್ಲಿ ಏರೋ ಇಂಡಿಯಾ ನಡೆಯುವಾಗ ನಮ್ಮ ಅಮೃತಹಳ್ಳಿಯ ಮನೆಗಳೊಳಗೆ ಕೂತವರಿಗೂ ವಿಮಾನ ಯಾವ ಕಡೆಯಿಂದ ಬಂದು ಯಾವ ಕಡೆಗೆ ಹೋಯಿತು ಎಂದು ತಿಳಿಯುತ್ತದೆ. ಅದಕ್ಕೆ ಕಣ್ಣು ಬೇಕಿಲ್ಲ. ಸದ್ದು ಎರಡು ಕಿವಿಗಳಿಗೆ ತಲುಪುವ ಸಮಯದಲ್ಲೂ ಜೋರಿನಲ್ಲೂ ಇರುವ ಸಣ್ಣ ವ್ಯತ್ಯಾಸದಿಂದಲೇ ಮೆದುಳು ದಿಕ್ಕನ್ನು ಗುರುತಿಸುತ್ತದೆ.

ಈ ಅನುಭವವನ್ನು ಮನೆಯ ಹಾಲ್‌ಗೆ ತರುವ ವ್ಯವಸ್ಥೆಯೇ ಸರೌಂಡ್ ಸೌಂಡ್. ಹೆಚ್ಚು ಬಳಕೆಯಲ್ಲಿರುವುದು 5.1. ಮುಂದೆ ಎಡ, ಬಲ ಮತ್ತು ನಡುವೆ ಮೂರು ಸ್ಪೀಕರ್, ಹಿಂದೆ ಎಡ-ಬಲ ಎರಡು. ಕೊನೆಯ '.1' ಅಂದರೆ ಸುಮಾರು 120 ಹರ್ಟ್ಝ್‌ವರೆಗಿನ ಗುಡುಗಿನಂಥ ಸದ್ದನ್ನು ಮಾತ್ರ ಕೊಡುವ ಸಬ್‌ವೂಫರ್. ಒಟ್ಟು ಆರು ಚಾನೆಲ್.

ಇದು ನನಗೆ ಏಕೆ ಬೇಕಾಯಿತು ಎಂದರೆ, ತುಮಕೂರಿನಲ್ಲಿರುವ ನನ್ನ ಖಾಲಾನ ಮಗನಿಗೆ ಹುಟ್ಟಿನಿಂದ ಕಣ್ಣು ಕಾಣುವುದಿಲ್ಲ. ರಜೆಗೆ ನಮ್ಮ ಮನೆಗೆ ಬಂದರೆ ನಾನು ಕಾರ್ ರೇಸ್ ಆಡುತ್ತೇನೆ, ಅವನು ಹಾಲ್‌ನ ನಡುವೆ ಕೂತು ಕೇಳುತ್ತಾನೆ. 'ಎಡಗಡೆ ಹಿಂದೆ ಒಂದು ಬರ್ತಿದೆ' ಎಂದು ನನಗಿಂತ ಮೊದಲು ಹೇಳುವವನು ಅವನೇ. ಊರಿಗೆ ಹೋದ ಮೇಲೆ ರೇಸ್ ರೆಕಾರ್ಡ್ ಮಾಡಿ ಕಳಿಸು ಎಂದ. ಸಾಮಾನ್ಯ ರೆಕಾರ್ಡಿಂಗ್‌ನಲ್ಲಿ ಇರುವುದು ಎರಡೇ ಚಾನೆಲ್. ಅದನ್ನು ಕೇಳಿ, 'ಎಲ್ಲ ಕಾರೂ ಮುಂದೇನೇ ಇವೆ' ಎಂದ. ನೋಡುವವರಿಗೆ ಇದು ಸಣ್ಣ ಕೊರತೆ. ಅವನಿಗೆ ಅರ್ಧ ಆಟವೇ ಇಲ್ಲದಂತೆ.

ಬೆಳಕಿನ ತಂತಿ

ಮೊದಲ ಮಾದರಿಯ ಪ್ಲೇಸ್ಟೇಷನ್ 4, ಪಿಎಸ್4 ಪ್ರೊ ಮತ್ತು ಎಕ್ಸ್‌ಬಾಕ್ಸ್ ಒನ್‌ಗಳ ಹಿಂದೆ ಚೌಕಾಕಾರದ ಒಂದು ಸಣ್ಣ ಕಿಂಡಿ ಇರುತ್ತದೆ. ಅದೇ ಆಪ್ಟಿಕಲ್ ಔಟ್. ಇದರ ತಂತಿಯಲ್ಲಿ ವಿದ್ಯುತ್ತಿನ ಬದಲು ಕೆಂಪು ಬೆಳಕು ಹರಿಯುತ್ತದೆ. ಬೆಳಕು ಬೇಗ ಬೇಗ ಮಿನುಗಿ ಸೊನ್ನೆ ಮತ್ತು ಒಂದುಗಳನ್ನು ಒಯ್ಯುತ್ತದೆ. ಟಾಸ್‌ಲಿಂಕ್ ಎಂಬ ಈ ಜೋಡಣೆಯನ್ನು ತೋಷಿಬಾ ಕಂಪನಿ 1983ರಲ್ಲಿ ತಂದಿತು.

ಇಲ್ಲೊಂದು ಲೆಕ್ಕವಿದೆ. ಕನ್ಸೋಲ್ ಸದ್ದನ್ನು ಸೆಕೆಂಡಿಗೆ 48,000 ಬಾರಿ ಅಳೆಯುತ್ತದೆ. ಪ್ರತಿ ಅಳತೆಗೆ 16 ಬಿಟ್.

ಎರಡು ಚಾನೆಲ್‌ಗೆ: 48,000 × 16 × 2 = 15,36,000 ಬಿಟ್
ಆರು ಚಾನೆಲ್‌ಗೆ: 48,000 × 16 × 6 = 46,08,000 ಬಿಟ್

ಆಪ್ಟಿಕಲ್ ದಾರಿಯನ್ನು ರೂಪಿಸಿದ್ದು ಎರಡು ಚಾನೆಲ್‌ಗೆ. ಮೂರು ಪಟ್ಟು ಸರಕು ಅದರಲ್ಲಿ ಹಿಡಿಸುವುದಿಲ್ಲ. ಆದ್ದರಿಂದ ಕನ್ಸೋಲ್ ಆರೂ ಚಾನೆಲ್‌ಗಳನ್ನು ಡಾಲ್ಬಿ ಡಿಜಿಟಲ್ ಅಥವಾ ಡಿಟಿಎಸ್ ವಿಧಾನದಲ್ಲಿ ಒತ್ತಿ ಪೊಟ್ಟಣ ಕಟ್ಟುತ್ತದೆ. ಡಾಲ್ಬಿ ಡಿಜಿಟಲ್‌ಗೆ ಸೆಕೆಂಡಿಗೆ ಹೆಚ್ಚೆಂದರೆ 6,40,000 ಬಿಟ್ ಸಾಕು. ದಾರಿಯಲ್ಲಿ ಜಾಗ ಇನ್ನೂ ಉಳಿಯುತ್ತದೆ. ಒಂದೊಂದು ಪೊಟ್ಟಣದಲ್ಲಿ 1,536 ಅಳತೆಗಳು, ಅಂದರೆ ಸೆಕೆಂಡಿನ ಸಾವಿರದಲ್ಲಿ 32 ಭಾಗದಷ್ಟು ಸದ್ದು.

ಕಂಪ್ಯೂಟರಿಗೆ ಈ ವಿಷಯ ಗೊತ್ತಿರುವುದಿಲ್ಲ. ಒಳಗೆ ಬರುವುದೆಲ್ಲ ಸಾಮಾನ್ಯ ಎರಡು ಚಾನೆಲ್ ಸದ್ದು ಎಂದೇ ಅದು ತಿಳಿಯುತ್ತದೆ. ಹಾಗೇ ಸ್ಪೀಕರಿಗೆ ಕೊಟ್ಟರೆ 'ಶ್ಶ್' ಎಂಬ ಕರ್ಕಶ ಸದ್ದು ಕೇಳುತ್ತದೆ. ಸಾಧನ ಕೆಟ್ಟಿದೆ ಎಂದು ಕಿತ್ತುಹಾಕಬೇಡಿ. ಆ ಕರ್ಕಶದೊಳಗೇ ನಿಮ್ಮ ಆರು ಚಾನೆಲ್ ಇವೆ.

ಅಮಾನತ್

ಕನ್ನಡ ಪತ್ರಿಕೆಗಳಲ್ಲಿ 'ಅಮಾನತು' ಎಂದರೆ ಕೆಲಸದಿಂದ ತಾತ್ಕಾಲಿಕವಾಗಿ ದೂರವಿಡುವುದು. ನಮ್ಮ ಮನೆಮಾತು ಉರ್ದುವಿನಲ್ಲಿ 'ಅಮಾನತ್' ಎಂದರೆ ನಂಬಿ ಕೊಟ್ಟ ವಸ್ತು. ಅದನ್ನು ಬಿಚ್ಚಬಾರದು, ಬಳಸಬಾರದು, ಕೊಟ್ಟ ಹಾಗೇ ಹಿಂದಿರುಗಿಸಬೇಕು. ಈ ಇಡೀ ಕೆಲಸದ ಗುಟ್ಟು ಆ ಒಂದು ಮಾತಿನಲ್ಲಿದೆ. ಕಂಪ್ಯೂಟರು ಪೊಟ್ಟಣವನ್ನು ಅಮಾನತ್ತಿನಂತೆ ಇಟ್ಟುಕೊಳ್ಳಬೇಕು.

ಸಾಮಾನ್ಯ ಸದ್ದಿನ ವಾಲ್ಯೂಮ್ ಶೇಕಡಾ 1ರಷ್ಟು ಇಳಿಸಿದರೆ ಯಾರಿಗೂ ತಿಳಿಯುವುದಿಲ್ಲ. ಆದರೆ ಬ್ಯಾಂಕ್ ಖಾತೆಯ ಸಂಖ್ಯೆಯನ್ನು ಶೇಕಡಾ 1ರಷ್ಟು ಇಳಿಸಿ ಬರೆದರೆ ಹಣ ಸೇರಬೇಕಾದವರಿಗೆ ಸೇರುತ್ತದೆಯೇ? ಪೊಟ್ಟಣದೊಳಗಿನ ಅಂಕಿಗಳು ಖಾತೆ ಸಂಖ್ಯೆಯಂಥವು. ಒಂದು ಬದಲಾದರೂ ಆ ಪೊಟ್ಟಣ ತೆರೆಯದೇ ಹೋಗಬಹುದು.

ಮಾಡುವ ಕ್ರಮ

1. ಕಂಪ್ಯೂಟರಿಗೆ ಆಪ್ಟಿಕಲ್ 'ಇನ್' ಇರುವ ಸೌಂಡ್ ಕಾರ್ಡ್ ಬೇಕು. ಅನೇಕ ಮದರ್‌ಬೋರ್ಡ್‌ಗಳಲ್ಲಿ ಇರುವುದು 'ಔಟ್' ಮಾತ್ರ. ಯುಎಸ್‌ಬಿಗೆ ಹಾಕುವ ಸಣ್ಣ ಕಾರ್ಡ್‌ಗಳಲ್ಲಿ 'ಇನ್' ಇರುವಂಥವು ಸಿಗುತ್ತವೆ.

2. ಕನ್ಸೋಲ್‌ನ ಆಡಿಯೊ ಸೆಟ್ಟಿಂಗ್‌ನಲ್ಲಿ ಡಿಜಿಟಲ್ ಔಟ್ (ಆಪ್ಟಿಕಲ್) ಆರಿಸಿ. ನಂತರ ಲೀನಿಯರ್ ಪಿಸಿಎಂ ಬದಲು ಬಿಟ್‌ಸ್ಟ್ರೀಮ್ ಡಾಲ್ಬಿ ಆರಿಸಿ. ಪಿಸಿಎಂನಲ್ಲೇ ಬಿಟ್ಟರೆ ಈ ತಂತಿಯಲ್ಲಿ ಬರುವುದು ಎರಡೇ ಚಾನೆಲ್.

3. ವಿಂಡೋಸ್‌ನ ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ 16 ಬಿಟ್, 48,000 ಹರ್ಟ್ಝ್ ಇಡಿ. 44,100 ಇದ್ದರೆ ಎಲ್ಲ ಅಂಕಿಗಳೂ ಬದಲಾಗುತ್ತವೆ. ಲೆವೆಲ್ 100ರಲ್ಲಿರಲಿ. ಎನ್‌ಹ್ಯಾನ್ಸ್‌ಮೆಂಟ್‌ಗಳೆಲ್ಲ ಆಫ್ ಆಗಿರಲಿ.

4. ಉಚಿತವಾಗಿ ಸಿಗುವ ಆಡಾಸಿಟಿಯಲ್ಲಿ 'ಡಿದರ್' ಎಂಬುದನ್ನು 'ನನ್' ಮಾಡಿ. ಡಿದರ್ ಎಂದರೆ ಸದ್ದು ನುಣುಪಾಗಲೆಂದು ಬೇಕೆಂದೇ ಬೆರೆಸುವ ಸಣ್ಣ ಗದ್ದಲ. ಸಂಗೀತಕ್ಕೆ ಅದು ಒಳ್ಳೆಯದು, ಪೊಟ್ಟಣಕ್ಕೆ ವಿಷ.

5. ಕಂಪ್ಯೂಟರಿನ ಸ್ಪೀಕರ್ ಮ್ಯೂಟ್ ಮಾಡಿ ರೆಕಾರ್ಡ್ ಮಾಡಿ. 16 ಬಿಟ್ ವೇವ್ ಫೈಲ್ ಆಗಿ ಉಳಿಸಿ. ನಡುವೆ ಕತ್ತರಿಸುವುದು, ಜೋರು ಮಾಡುವುದು ಏನೂ ಬೇಡ.

6. ಎಫ್ಎಫ್ಎಂಪೆಗ್ ಎಂಬ ಇನ್ನೊಂದು ಉಚಿತ ತಂತ್ರಾಂಶ ಆ ಫೈಲಿನೊಳಗಿನ ಪೊಟ್ಟಣಗಳನ್ನು ಗುರುತಿಸಿ, ಡಾಲ್ಬಿ ಫೈಲನ್ನು ಹಾಗೇ ಹೊರತೆಗೆಯುತ್ತದೆ.

7. ಚಿತ್ರವೂ ಬೇಕಿದ್ದರೆ ಎಚ್‌ಡಿಎಂಐ ಕ್ಯಾಪ್ಚರ್ ಕಾರ್ಡ್‌ನಿಂದ ಅದೇ ಹೊತ್ತಿಗೆ ಬೇರೆಯಾಗಿ ಹಿಡಿಯಿರಿ. ಅದರ ಜೊತೆ ಬರುವ ಎರಡು ಚಾನೆಲ್ ಸದ್ದನ್ನು ಗುರುತಾಗಿ ಇಟ್ಟುಕೊಂಡು ಎರಡನ್ನೂ ಹೊಂದಿಸಬಹುದು.

ಫೈಲಿನ ಗಾತ್ರವನ್ನೂ ಮೊದಲೇ ಲೆಕ್ಕ ಹಾಕಬಹುದು. 15,36,000 ಬಿಟ್ ಎಂದರೆ 1,92,000 ಬೈಟ್. ಹತ್ತು ನಿಮಿಷಕ್ಕೆ, ಅಂದರೆ 600 ಸೆಕೆಂಡಿಗೆ, 11.52 ಕೋಟಿ ಬೈಟ್, ಸುಮಾರು 115 ಎಂಬಿ. ಹೊರತೆಗೆದ ಡಾಲ್ಬಿ ಫೈಲ್ 48 ಎಂಬಿ ದಾಟುವುದಿಲ್ಲ.

ಹೀಗೆ ಹಿಡಿದ ಹತ್ತು ನಿಮಿಷದ ರೇಸನ್ನು ಪೆನ್‌ಡ್ರೈವ್‌ನಲ್ಲಿ ತುಮಕೂರಿಗೆ ಕಳಿಸಿದೆ. ಖಾಲಾನ ಮನೆಯ ಹಳೆಯ ಹೋಮ್ ಥಿಯೇಟರಿಗೆ ಡಾಲ್ಬಿ ಗೊತ್ತು. ನನ್ನನ್ನು ದಾಟಿ ಹೋದ ಕಾರುಗಳು ಎಷ್ಟು, ಯಾವ ಬದಿಯಿಂದ ಹೋದವು ಎಂದು ತಮ್ಮ ಫೋನಿನಲ್ಲಿ ಒಂದೊಂದಾಗಿ ಒಪ್ಪಿಸಿದ. ನಾನು ವಿಡಿಯೊ ಹಾಕಿ ನೋಡಿದೆ. ಎಲ್ಲವೂ ಸರಿ ಇತ್ತು.

ಹೊಸ ಕನ್ಸೋಲ್ ಇದ್ದರೆ

ಪಿಎಸ್4 ಸ್ಲಿಮ್, ಪಿಎಸ್5 ಮತ್ತು ಎಕ್ಸ್‌ಬಾಕ್ಸ್ ಸೀರೀಸ್ ಎಕ್ಸ್, ಎಸ್‌ಗಳಲ್ಲಿ ಆಪ್ಟಿಕಲ್ ಕಿಂಡಿ ಇಲ್ಲ. ಅಲ್ಲಿ ಎಲ್ಲವೂ ಎಚ್‌ಡಿಎಂಐ ಮೂಲಕ. ಈ ದಾರಿ ಅಗಲ, ಒತ್ತದೇ ಇರುವ ಎಂಟು ಚಾನೆಲ್‌ವರೆಗೂ ಹೋಗುತ್ತವೆ. ಆದರೆ ಕ್ಯಾಪ್ಚರ್ ಕಾರ್ಡ್ ಅಷ್ಟನ್ನು ಸ್ವೀಕರಿಸಬೇಕು. ಅಗ್ಗದ ಯುಎಸ್‌ಬಿ ಕಾರ್ಡ್‌ಗಳು ಸಾಮಾನ್ಯವಾಗಿ ಎರಡೇ ಚಾನೆಲ್ ಪಡೆಯುತ್ತವೆ. 5.1 ಪಡೆಯುವ ಕಾರ್ಡ್ ಇದ್ದರೆ ಓಬಿಎಸ್ ತಂತ್ರಾಂಶದ ಆಡಿಯೊ ಸೆಟ್ಟಿಂಗ್‌ನಲ್ಲಿ ಸ್ಟೀರಿಯೊ ಬದಲು 5.1 ಆರಿಸಿದರೆ ಸಾಕು. ಎಚ್‌ಡಿಸಿಪಿ ಎಂಬ ನಕಲು ತಡೆ ಬೀಗವನ್ನು ಪ್ಲೇಸ್ಟೇಷನ್ ಆಟಗಳಿಗೆ ಕನ್ಸೋಲ್‌ನ ಸೆಟ್ಟಿಂಗ್‌ನಲ್ಲೇ ಆಫ್ ಮಾಡಬಹುದು. ಸಿನಿಮಾಗಳಿಗೆ ಆ ಬೀಗ ಇದ್ದೇ ಇರುತ್ತದೆ.

ಎಸ್‌ಪಿ ರಸ್ತೆಗೆ ಹೋಗಿ ದುಡ್ಡು ಕೊಡುವ ಮೊದಲು ಮೂರು ವಿಷಯ ನೋಡಿಕೊಳ್ಳಿ. ನಿಮ್ಮ ಕನ್ಸೋಲ್‌ನ ಹಿಂದೆ ಆಪ್ಟಿಕಲ್ ಕಿಂಡಿ ಇದೆಯೇ? ಸೌಂಡ್ ಕಾರ್ಡ್‌ನ ಕಿಂಡಿ 'ಇನ್' ಹೌದೇ? ಕರೆಂಟ್ ಕೊಟ್ಟಾಗ ಒಳಗೆ ಕೆಂಪು ಬೆಳಕು ಕಂಡರೆ ಅದು 'ಔಟ್'. 'ಇನ್' ಕತ್ತಲಾಗಿರುತ್ತದೆ. ಕೊನೆಯದಾಗಿ, ತಂತಿಯ ಎರಡೂ ತುದಿಯ ಪ್ಲಾಸ್ಟಿಕ್ ಟೋಪಿ ತೆಗೆದು, ಒಂದು ತುದಿಯನ್ನು ಬೆಳಕಿಗೆ ಹಿಡಿದು ಇನ್ನೊಂದನ್ನು ನೋಡಿ. ಅಲ್ಲೊಂದು ಬೆಳಕಿನ ಚುಕ್ಕೆ ಕಂಡರೆ ತಂತಿ ಒಳಗೆ ಮುರಿದಿಲ್ಲ.

— ದ್ವಿತೀಯ ಪಿಯುಸಿ, ವಾಣಿಜ್ಯ ವಿಭಾಗ